ನ್ಯೂಯಾರ್ಕ್ ಮರೆತಿದ್ದ ಹೆಬ್ಬಾಗಿಲು

ಕೆಲವು ವರ್ಷಗಳ ಹಿಂದಿನವರೆಗೂ ಲಾಗ್ವಾರ್ಡಿಯಾ ವಿಮಾನ ನಿಲ್ದಾಣದ ಕೇಂದ್ರ ಟರ್ಮಿನಲ್‌ನಲ್ಲಿ ಮಳೆ ಬಂದರೆ ಚಾವಣಿ ಸೋರುತ್ತಿತ್ತು. ನೀರು ಹಿಡಿಯಲು ನೆಲದ ಮೇಲೆ ಬಕೆಟ್‌ಗಳನ್ನು ಇಡುತ್ತಿದ್ದರು. ತಗ್ಗಾದ ಮಾಡು, ಮಂಕು ಬೆಳಕು, ಇಕ್ಕಟ್ಟಾದ ಹಾದಿ, ಕೂರಲು ಜಾಗ ಸಾಲದ ಗೇಟುಗಳು. ಅಲ್ಲಿಂದ ಸುಮಾರು 13 ಕಿ.ಮೀ. ದೂರದಲ್ಲೇ ಮ್ಯಾನ್‌ಹಟನ್ನಿನ ಮುಗಿಲೆತ್ತರದ ಕಟ್ಟಡಗಳಿವೆ. ಜಗತ್ತಿನ ಹಣದ ವ್ಯವಹಾರವೆಲ್ಲ ಹಾದುಹೋಗುವ ಊರಿಗೆ ಇಂಥ ಬಾಗಿಲು!

2014ರ ಫೆಬ್ರುವರಿಯಲ್ಲಿ ಆಗಿನ ಉಪಾಧ್ಯಕ್ಷ ಜೋ ಬೈಡನ್, ಕಣ್ಣು ಕಟ್ಟಿ ಲಾಗ್ವಾರ್ಡಿಯಾಕ್ಕೆ ಕರೆದೊಯ್ದರೆ ಯಾವುದೋ ಮೂರನೇ ಜಗತ್ತಿನ ದೇಶಕ್ಕೆ ಬಂದೆವೆಂದುಕೊಳ್ಳಬೇಕು ಎಂಬ ಅರ್ಥದ ಮಾತಾಡಿದರು. ನ್ಯೂಯಾರ್ಕಿನವರಿಗೆ ಅದು ಚುಚ್ಚಿತು. ನಮಗೂ ಚುಚ್ಚಬೇಕಾದ ಮಾತೇ. ಅಷ್ಟು ಹೊತ್ತಿಗೆ ಬೆಂಗಳೂರು ಎಚ್‌ಎಎಲ್‌ನ ಇಕ್ಕಟ್ಟಿನಿಂದ ಹೊರಬಂದು ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ತೆರೆದು ಐದು ವರ್ಷ ದಾಟಿತ್ತು. ದೆಹಲಿಯ ಮೂರನೇ ಟರ್ಮಿನಲ್ 2010ರಲ್ಲೇ ಬಂದಿತ್ತು. ಬಡತನಕ್ಕೂ ಸೋರುವ ಚಾವಣಿಗೂ ಗಂಟು ಹಾಕುವುದು ಸರಿಯಲ್ಲ ಎಂಬುದಕ್ಕೆ ಲಾಗ್ವಾರ್ಡಿಯಾವೇ ಸಾಕ್ಷಿ.

ಈ ನಿಲ್ದಾಣ ಹುಟ್ಟಿದ್ದೇ ಊರಿನ ಅಭಿಮಾನದಿಂದ. 1934ರಲ್ಲಿ ಮೇಯರ್ ಫಿಯೊರೆಲ್ಲೊ ಲಾಗ್ವಾರ್ಡಿಯಾ ಬಂದ ವಿಮಾನ ಪಕ್ಕದ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಇಳಿಯಿತು. ಟಿಕೆಟ್‌ನಲ್ಲಿ ನ್ಯೂಯಾರ್ಕ್ ಎಂದಿದೆ, ಇಲ್ಲಿ ಇಳಿಯುವುದಿಲ್ಲ ಎಂದು ಮೇಯರ್ ಪಟ್ಟು ಹಿಡಿದರು. ಕೊನೆಗೆ ವಿಮಾನ ಅವರನ್ನು ಬ್ರೂಕ್ಲಿನ್‌ನ ಫ್ಲಾಯ್ಡ್ ಬೆನೆಟ್ ಫೀಲ್ಡಿಗೆ ಹೊತ್ತೊಯ್ಯಬೇಕಾಯಿತು. ಮುಂದೆ ಕ್ವೀನ್ಸ್‌ನ ಕಡಲಂಚಿನಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯ ಹಣದಲ್ಲಿ ನಿಲ್ದಾಣ ಎದ್ದಿತು. ಕೊಲ್ಲಿಯ ನೀರಿಗೆ ಕಸ, ಮಣ್ಣು ತುಂಬಿ ನೆಲ ಮಾಡಿದರು. 1939ರಲ್ಲಿ ವಿಮಾನಗಳು ಬರತೊಡಗಿದವು.

ಆ ಕಾಲದ ಕಟ್ಟಡವೊಂದು ಇನ್ನೂ ನಿಂತಿದೆ: 1940ರ ಮರೀನ್ ಏರ್ ಟರ್ಮಿನಲ್. ನೀರಿನ ಮೇಲೆ ಇಳಿಯುತ್ತಿದ್ದ ಪ್ಯಾನ್ ಆಮ್ ಕ್ಲಿಪ್ಪರ್ ವಿಮಾನಗಳಿಗಾಗಿ ಕಟ್ಟಿದ್ದು. ಹೊರಗೋಡೆಯ ಮೇಲಂಚಿನಲ್ಲಿ ಹಾರುವ ಮೀನುಗಳ ಸಾಲು. ಒಳಗೆ ವೃತ್ತಾಕಾರದ ಸಭಾಂಗಣದ ಸುತ್ತಲೂ ಜೇಮ್ಸ್ ಬ್ರೂಕ್ಸ್ ಬರೆದ ‘ಫ್ಲೈಟ್’ ಎಂಬ ಭಿತ್ತಿಚಿತ್ರ, ಉದ್ದ ಸುಮಾರು 235 ಅಡಿ. 1942ರಲ್ಲಿ ಮುಗಿದ ಈ ಚಿತ್ರಕ್ಕೆ ಐವತ್ತರ ದಶಕದಲ್ಲಿ ಬಣ್ಣ ಬಳಿದು ಮುಚ್ಚಿಬಿಟ್ಟರು. 1980ರಲ್ಲಿ ಆ ಬಣ್ಣ ಕೆರೆದು ಮತ್ತೆ ಹೊರತೆಗೆದರು. ಸಾಮಾನ್ಯ ಪ್ರಯಾಣಿಕನೂ ತಲೆಯೆತ್ತಿ ನೋಡುವಂಥದ್ದು ಇರಲಿ ಎಂಬ ಕಾಳಜಿ ಆ ಕಟ್ಟಡದ ಮೂಲೆಮೂಲೆಯಲ್ಲಿದೆ.

ಹಾಗಾದರೆ 1964ರಲ್ಲಿ ತೆರೆದ ಕೇಂದ್ರ ಟರ್ಮಿನಲ್ ಯಾಕೆ ಹಾಗಾಯಿತು? ವಾಸ್ತುಶಿಲ್ಪಿಗಳು ಕಡಿಮೆಯವರಲ್ಲ. ವಿಶ್ವಸಂಸ್ಥೆಯ ಕೇಂದ್ರ ಕಚೇರಿಯ ವಿನ್ಯಾಸದ ಮುಂದಾಳಾಗಿದ್ದ, ಮೆಟ್ರೊಪಾಲಿಟನ್ ಒಪೆರಾ ಹೌಸ್ ರೂಪಿಸಿದ ವಾಲೇಸ್ ಹ್ಯಾರಿಸನ್ ಅವರ ಸಂಸ್ಥೆಯದೇ ಕೆಲಸ. ಕಟ್ಟಿದ್ದು ವರ್ಷಕ್ಕೆ 80 ಲಕ್ಷ ಜನಕ್ಕೆ. ಕಡೆಗಾಲದಲ್ಲಿ ಅದನ್ನು ಹಾಯುತ್ತಿದ್ದವರು ಒಂದೂಕಾಲು ಕೋಟಿಗೂ ಹೆಚ್ಚು. ಎಪ್ಪತ್ತರ ದಶಕದಲ್ಲಿ ತಪಾಸಣೆಯ ಯಂತ್ರಗಳು ಬಂದವು, 2001ರ ನಂತರ ಇನ್ನಷ್ಟು. ಯಾವುದಕ್ಕೂ ನಕ್ಷೆಯಲ್ಲಿ ಜಾಗವಿರಲಿಲ್ಲ. ಹಿಗ್ಗಿಸೋಣವೆಂದರೆ ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ಹೆದ್ದಾರಿ. ಇಡೀ ನಿಲ್ದಾಣ ಸುಮಾರು 680 ಎಕರೆ ಮಾತ್ರ.

ನನ್ನ ಮಟ್ಟಿಗೆ ಇನ್ನೂ ದೊಡ್ಡ ಕಾರಣ ಬೇರೆ. 1984ರಿಂದ ಇಲ್ಲಿ, ಶನಿವಾರ ಮತ್ತು ಡೆನ್ವರ್ ಮಾರ್ಗ ಬಿಟ್ಟರೆ, 1,500 ಮೈಲಿ ಮೀರಿದ ನೇರ ವಿಮಾನಗಳಿಗೆ ಅವಕಾಶವಿಲ್ಲ. ದೂರದ ಅತಿಥಿಗಳು ಇಳಿಯುವುದು ಕೆನಡಿ ನಿಲ್ದಾಣದಲ್ಲಿ. ಬೆಂಗಳೂರಿನಿಂದ ಮಕ್ಕಳನ್ನು ನೋಡಲು ಹೋಗುವ ಅಪ್ಪ–ಅಮ್ಮಂದಿರಿಗೂ ನ್ಯೂಯಾರ್ಕ್ ಎಂದರೆ ಕೆನಡಿಯೋ ನ್ಯೂಅರ್ಕೋ. ಲಾಗ್ವಾರ್ಡಿಯಾದ ಸೋರಿಕೆ ಷಿಕಾಗೊ, ಅಟ್ಲಾಂಟ, ಬಾಸ್ಟನ್ನಿಗೆ ಕೆಲಸಕ್ಕೆ ಓಡಾಡುವ ದೇಶವಾಸಿಗಳ ಪಾಲಿನದಾಗಿತ್ತು. ನಿತ್ಯ ಬರುವವರಿಗೆ ಇಷ್ಟು ಸಾಕು ಎಂಬ ಧೋರಣೆ ಅರ್ಧ ಶತಮಾನ ನಡೆಯಿತು. ಇದು ಅನ್ಯಾಯ.

2016ರಲ್ಲಿ ಕೆಲಸ ಶುರುವಾಯಿತು. ಒಂದು ದಿನವೂ ನಿಲ್ದಾಣ ಮುಚ್ಚದೆ, ಹಳೆಯದರ ಮಗ್ಗುಲಲ್ಲೇ ಹೊಸದನ್ನು ಕಟ್ಟಿ ಆಮೇಲೆ ಹಳೆಯದನ್ನು ಕೆಡವುತ್ತಾ ಹೋದ ರೀತಿ ಮೆಚ್ಚುವಂಥದ್ದು. ಹೊಸ ಮುಖ್ಯ ಕಟ್ಟಡವನ್ನು ಸುಮಾರು 600 ಅಡಿ ಹೆದ್ದಾರಿಯ ಕಡೆಗೆ ಸರಿಸಿ, ಉಳಿದ ಜಾಗವನ್ನು ವಿಮಾನಗಳ ಓಡಾಟಕ್ಕೆ ಬಿಟ್ಟರು. ಗೇಟುಗಳಿಗೆ ಹೋಗಲು ಎತ್ತರದ ಸೇತುವೆಗಳಿವೆ. ಜನ ಮೇಲೆ ನಡೆಯುವಾಗ ಕೆಳಗೆ ವಿಮಾನಗಳು ಹಾಯುತ್ತವೆ. ಇಕ್ಕಟ್ಟನ್ನೇ ನೋಟವಾಗಿ ಮಾರ್ಪಡಿಸಿದ ಜಾಣ್ಮೆ ಇದು. ‘ಬಿ’ ಟರ್ಮಿನಲ್‌ನ ಈ ಮುಖ್ಯ ಕಟ್ಟಡ 2020ರ ಜೂನ್‌ನಲ್ಲಿ, ಡೆಲ್ಟಾ ಕಂಪನಿಯ ‘ಸಿ’ ಟರ್ಮಿನಲ್ 2022ರಲ್ಲಿ ತೆರೆದವು. ಒಟ್ಟು ವೆಚ್ಚ ಸುಮಾರು 800 ಕೋಟಿ ಡಾಲರ್.

ರೈಲು ಮಾತ್ರ ಬರಲಿಲ್ಲ. 45 ಕೋಟಿ ಡಾಲರ್ ಎಂದು ಹೊರಟ ಏರ್‌ಟ್ರೇನ್ ಯೋಜನೆಯ ಅಂದಾಜು 200 ಕೋಟಿ ದಾಟಿದ ಮೇಲೆ 2023ರ ಮಾರ್ಚ್‌ನಲ್ಲಿ ಕೈಬಿಟ್ಟರು. ಈಗಲೂ ಸಬ್‌ವೇ ಹಿಡಿದು ಬರುವವರು ಭಾರತೀಯ ಅಂಗಡಿಗಳಿಗೆ ಹೆಸರಾದ ಜಾಕ್ಸನ್ ಹೈಟ್ಸ್‌ನಲ್ಲಿ ಇಳಿದು, ಕ್ಯೂ–70 ಬಸ್ಸಿಗೆ ಸೂಟ್‌ಕೇಸ್ ಹತ್ತಿಸಬೇಕು. ಟ್ಯಾಕ್ಸಿಗೆ ದುಡ್ಡಿಲ್ಲದ, ನಿತ್ಯ ಓಡಾಡುವ ಪ್ರಯಾಣಿಕನ ಸರದಿ ಇನ್ನೂ ಬಾಕಿಯಿದೆ.