ಸೋಲಿನ ಗೂಬೆ ಯಾರ ತಲೆಗೆ?

1986ರ ಅಕ್ಟೋಬರ್ 25ರ ರಾತ್ರಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬಿಲ್ ಬಕ್ನರ್ ಎಂಬ ಆಟಗಾರರ ಕಾಲುಗಳ ನಡುವೆ ಚೆಂಡೊಂದು ನುಸುಳಿಹೋಯಿತು. ಬೇಸ್‌ಬಾಲ್ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕ ಕಥೆಯನ್ನು ಅವರೇ ಹೇಳುತ್ತಾರೆ: 1918ರ ನಂತರ ಅಲ್ಲಿಯವರೆಗೆ ಒಮ್ಮೆಯೂ ವಿಶ್ವ ಸರಣಿ ಗೆಲ್ಲದಿದ್ದ ಬಾಸ್ಟನ್ ರೆಡ್ ಸಾಕ್ಸ್ ತಂಡದ ಬಾಯಿಗೆ ಬಂದ ತುತ್ತನ್ನು ಆ ಒಂದು ತಪ್ಪು ಕಸಿಯಿತು. ಬಕ್ನರ್ 22 ಋತುಗಳಲ್ಲಿ ಆಡಿದವರು, 2,715 ಹಿಟ್ ಹೊಡೆದವರು, 1980ರಲ್ಲಿ ನ್ಯಾಷನಲ್ ಲೀಗಿನಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗರಾದವರು. ಆದರೂ 2019ರಲ್ಲಿ ಅವರು ತೀರಿಕೊಂಡಾಗ ಜನ ಮೊದಲು ನೆನೆದದ್ದು ಆ ಚೆಂಡನ್ನೇ.

ಈ ಕಥೆಯಲ್ಲಿ ದೊಡ್ಡದೊಂದು ತೂತಿದೆ. ಚೆಂಡು ನುಸುಳುವ ಹೊತ್ತಿಗೆ ಬಾಸ್ಟನ್ ಮುನ್ನಡೆಯಲ್ಲಿರಲಿಲ್ಲ, ಸ್ಕೋರು ಆಗಲೇ ಸಮವಾಗಿತ್ತು. ಅಂದು ಸೋತ ಮೇಲೂ ಸರಣಿ ಮುಗಿದಿರಲಿಲ್ಲ, ಇನ್ನೊಂದು ಪಂದ್ಯ ಬಾಕಿಯಿತ್ತು. ಇಷ್ಟಾದರೂ ಸೋಲಿನ ಗೂಬೆಯನ್ನು ಒಬ್ಬರ ತಲೆಯ ಮೇಲೆಯೇ ಕೂರಿಸಿದ್ದು ಏಕೆ? ಫೀಲ್ಡರ್ ಒಬ್ಬ ನಿಜಕ್ಕೂ ಎಷ್ಟು ದೂಷಣೆಗೆ ಅರ್ಹ? ಮೊದಲ ಪ್ರಶ್ನೆಗೆ ಮನೋವಿಜ್ಞಾನದಲ್ಲಿ ಉತ್ತರವಿದೆ. ಎರಡನೆಯದಕ್ಕೆ ಸ್ವಲ್ಪ ಅಂಕಗಣಿತವೂ ಬೇಕು.

ಹತ್ತನೇ ಇನಿಂಗ್ಸ್

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲಿನ ನಿಯಮ ಅಷ್ಟೇನೂ ದೂರದ್ದಲ್ಲ. ಪ್ರತಿ ಇನಿಂಗ್ಸಿನಲ್ಲೂ ಎರಡೂ ತಂಡಗಳು ಸರದಿಯಂತೆ ಬ್ಯಾಟ್ ಮಾಡುತ್ತವೆ. ಮೂರು ಔಟ್ ಆದರೆ ಸರದಿ ಮುಗಿಯಿತು. ಬ್ಯಾಟರ್ ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್. ಒಂಬತ್ತು ಇನಿಂಗ್ಸಿಗೆ ಸ್ಕೋರು ಸಮವಾಗಿದ್ದರೆ ಆಟ ಮುಂದುವರಿಯುತ್ತದೆ. ಏಳು ಪಂದ್ಯಗಳ ಸರಣಿಯಲ್ಲಿ ಬಾಸ್ಟನ್ ಆಗ 3–2ರಿಂದ ಮುಂದಿತ್ತು. ಆರನೇ ಪಂದ್ಯದ ಹತ್ತನೇ ಇನಿಂಗ್ಸಿನಲ್ಲಿ ಎರಡು ರನ್ ಗಳಿಸಿ 5–3ಕ್ಕೆ ಏರಿತು. ನ್ಯೂಯಾರ್ಕ್ ಮೆಟ್ಸ್ ತಂಡದ ಮೊದಲ ಇಬ್ಬರು ಔಟಾದರು. ಬೇಸ್‌ಗಳ ಮೇಲೆ ಯಾರೂ ಇರಲಿಲ್ಲ. ಇನ್ನೊಂದು ಔಟ್ ಸಿಕ್ಕಿದ್ದರೆ ಬಾಸ್ಟನ್ ಚಾಂಪಿಯನ್.

ಆ ಒಂದು ಔಟ್ ಸಿಗಲಿಲ್ಲ. ಗ್ಯಾರಿ ಕಾರ್ಟರ್, ಕೆವಿನ್ ಮಿಚೆಲ್, ರೇ ನೈಟ್ ಸಾಲಾಗಿ ಮೂರು ಹಿಟ್ ಹೊಡೆದರು. ಮೂರು ಸ್ಟ್ರೈಕ್ ಬಿದ್ದರೆ ಬ್ಯಾಟರ್ ಔಟ್; ನೈಟ್ ಔಟಾಗುವುದಕ್ಕೆ ಒಂದೇ ಸ್ಟ್ರೈಕ್ ಉಳಿದಿತ್ತು. ಕಾರ್ಟರ್ ನಾಲ್ಕನೇ ಬೇಸಾದ ಹೋಮ್ ಪ್ಲೇಟ್ ಸೇರಿ ಸ್ಕೋರು 5–4 ಆಯಿತು. ಚೆಂಡೆಸೆಯುವ ಪಿಚರ್ ಕ್ಯಾಲ್ವಿನ್ ಶಿರಾಲ್ಡಿಯವರನ್ನು ತೆಗೆದು ಬಾಬ್ ಸ್ಟ್ಯಾನ್ಲಿಯವರನ್ನು ಇಳಿಸಿದರು. ಎದುರಿಗೆ ಮೂಕಿ ವಿಲ್ಸನ್. ಅವರಿಗೆ ಎಸೆದ ಏಳನೇ ಚೆಂಡು ಬ್ಯಾಟರ್‌ಗೂ ಸಿಗದೆ ಕ್ಯಾಚರ್‌ಗೂ ಸಿಗದೆ ಹಿಂದಕ್ಕೆ ಹೋಯಿತು. ಮಿಚೆಲ್ ಓಡಿ ಬಂದರು, 5–5. ನೈಟ್ ಎರಡನೇ ಬೇಸ್ ಮುಟ್ಟಿದರು. ಹತ್ತನೇ ಚೆಂಡನ್ನು ವಿಲ್ಸನ್ ಮೊದಲ ಬೇಸಿನ ಕಡೆಗೆ ನೆಲದ ಮೇಲೆ ಹೊಡೆದರು. ಪುಟಿಯುತ್ತ ಬಂದ ಚೆಂಡು ಕೊನೆಗೆ ಬಕ್ನರ್ ಎಣಿಸಿದಷ್ಟು ಮೇಲೇಳಲಿಲ್ಲ. ಗ್ಲೌಸಿನ ಅಡಿಯಿಂದ, ಕಾಲುಗಳ ನಡುವಿನಿಂದ ಹಿಂದೆ ಉರುಳಿತು. ನೈಟ್ ಹೋಮ್ ಪ್ಲೇಟ್ ತುಳಿದರು, 6–5.

ನೂರರಲ್ಲಿ ಎಷ್ಟು?

ಬೇಸ್‌ಬಾಲಿನಲ್ಲಿ ದಾಖಲೆಗಳಿಗೆ ಬರವಿಲ್ಲ. ಯಾವ ಇನಿಂಗ್ಸ್, ಎಷ್ಟು ಔಟ್, ಬೇಸ್‌ಗಳ ಮೇಲೆ ಯಾರು, ಸ್ಕೋರಿನ ಅಂತರ ಎಷ್ಟು ಎಂದು ತಿಳಿದರೆ, ಅಂಥದೇ ಸ್ಥಿತಿಯಲ್ಲಿದ್ದ ಹಳೆಯ ಪಂದ್ಯಗಳಲ್ಲಿ ಯಾರು ಗೆದ್ದರು ಎಂದು ಎಣಿಸಬಹುದು. ಇದಕ್ಕೆ ಗೆಲುವಿನ ಸಂಭಾವ್ಯತೆ ಎನ್ನುತ್ತಾರೆ. ಈ ಅಳತೆಗೋಲನ್ನು ಆ ರಾತ್ರಿಗೆ ಇಡೋಣ. ಏಳನೇ ಪಂದ್ಯ ಆಡಬೇಕಾಗಿ ಬಂದರೆ ಎರಡೂ ತಂಡಗಳಿಗೆ ಸಮ ಅವಕಾಶ ಎಂದಿಟ್ಟುಕೊಳ್ಳೋಣ.

ಎರಡು ರನ್ ಮುನ್ನಡೆ, ಇಬ್ಬರು ಔಟ್, ಬೇಸ್‌ಗಳು ಖಾಲಿ ಇದ್ದಾಗ ಬಾಸ್ಟನ್ ಆ ಪಂದ್ಯ ಗೆಲ್ಲುವ ಸಾಧ್ಯತೆ ಸುಮಾರು 99%. ಸರಣಿ ಗೆಲ್ಲುವ ಸಾಧ್ಯತೆ ಅದಕ್ಕಿಂತಲೂ ಚೂರು ಹೆಚ್ಚು, ಹತ್ತಿರ ಹತ್ತಿರ ನೂರು. ಸ್ಕೋರು ಸಮವಾಗಿ ನೈಟ್ ಎರಡನೇ ಬೇಸಿನಲ್ಲಿ ನಿಂತಾಗ ಚಿತ್ರ ಬದಲಾಯಿತು. ಅಂಥ ಸ್ಥಿತಿಯಲ್ಲಿ ಬ್ಯಾಟ್ ಮಾಡುತ್ತಿರುವ ತವರು ತಂಡ ಹತ್ತರಲ್ಲಿ ಸುಮಾರು ಆರು ಸಲ ಗೆಲ್ಲುತ್ತದೆ. ಬಾಸ್ಟನ್ ಪಾಲಿಗೆ ಉಳಿದದ್ದು 40%. ಸೋಲುವ 60%ರಲ್ಲೂ ಏಳನೇ ಪಂದ್ಯದ ಅರ್ಧ ಅವಕಾಶ ಸೇರಿಸಿದರೆ ಸರಣಿ ಗೆಲ್ಲುವ ಸಾಧ್ಯತೆ 70%. ಅಂದರೆ ವಿಲ್ಸನ್ ಆ ಚೆಂಡನ್ನು ಹೊಡೆಯುವ ಮೊದಲೇ ನೂರರಲ್ಲಿ 30 ಕೈಬಿಟ್ಟಿತ್ತು. ಬಕ್ನರ್ ತಪ್ಪಿನಿಂದ 70 ಇದ್ದದ್ದು 50ಕ್ಕೆ ಇಳಿಯಿತು, ಹೋದದ್ದು 20. ಅವರು ಚೆಂಡು ಹಿಡಿದು ಔಟ್ ಮಾಡಿದ್ದರೆ ಪಂದ್ಯ ಹನ್ನೊಂದನೇ ಇನಿಂಗ್ಸಿಗೆ ಹೋಗಿ ಸರಣಿಯ ಲೆಕ್ಕ 75% ಆಗುತ್ತಿತ್ತು. ಆ ಹೋಲಿಕೆಯಲ್ಲಿ ನಷ್ಟ 25. ವಿಲ್ಸನ್ ಒಳ್ಳೆಯ ಓಟಗಾರ, ಚೆಂಡು ಹಿಡಿದಿದ್ದರೂ ಅವರನ್ನು ಔಟ್ ಮಾಡಲು ಆಗುತ್ತಿತ್ತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಉಳಿದ 50 ಹೋದದ್ದು ಅಕ್ಟೋಬರ್ 27ರಂದು, ಏಳನೇ ಪಂದ್ಯದಲ್ಲಿ. ಅಲ್ಲೂ ಬಾಸ್ಟನ್ 3–0ಯಿಂದ ಮುಂದಿದ್ದು 8–5ರಿಂದ ಸೋತಿತು. ಹೀಗೆ 30, 20, 50 ಎಂದು ಹಂಚಿಹೋದ ನಷ್ಟದಲ್ಲಿ ಜನರ ನೆನಪು ನೂರಕ್ಕೆ ನೂರನ್ನೂ ಬಕ್ನರ್ ಖಾತೆಗೆ ಬರೆಯಿತು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಇಲ್ಲಿ ತಿರುಗುಮುರುಗಾಯಿತು: ಇಡೀ ತಂಡ ಮಾಡಿದ್ದನ್ನು ಒಬ್ಬರು ಉಂಡರು.

ಎರಡನೇ ನಾಣ್ಯದ ಪಾಪ

ಡೇಲ್ ಮಿಲ್ಲರ್ ಮತ್ತು ಸಾಕು ಗುಣಶೇಖರಂ ಎಂಬ ಮನೋವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಒಗಟಿಗೆ ಕೀಲಿಕೈಯಂತಿದೆ. ಜೋನ್ಸ್ ಮತ್ತು ಕೂಪರ್ ಎಂಬ ಇಬ್ಬರು ಒಬ್ಬರಾದ ಮೇಲೊಬ್ಬರು ನಾಣ್ಯ ಚಿಮ್ಮುತ್ತಾರೆ ಎಂದು ಊಹಿಸಿಕೊಳ್ಳಿ. ಎರಡೂ ನಾಣ್ಯ ಒಂದೇ ಮುಖ ತೋರಿಸಿದರೆ ಇಬ್ಬರಿಗೂ ತಲಾ ಸಾವಿರ ಡಾಲರ್. ಬೇರೆ ಬೇರೆ ಬಿದ್ದರೆ ಯಾರಿಗೂ ಏನೂ ಇಲ್ಲ. ಜೋನ್ಸ್‌ಗೆ ಹೆಡ್ ಬಿತ್ತು, ಆಮೇಲೆ ಕೂಪರ್‌ಗೆ ಟೇಲ್. ಹಣ ಹೋಯಿತು. ಯಾರಿಗೆ ಹೆಚ್ಚು ಪಶ್ಚಾತ್ತಾಪವಾಗುತ್ತದೆ, ಯಾರು ಯಾರನ್ನು ದೂರುತ್ತಾರೆ ಎಂದು ಕೇಳಿದಾಗ ಬಹುಪಾಲು ಜನ ಬೆರಳು ತೋರಿಸಿದ್ದು ಕೂಪರ್ ಕಡೆಗೆ. ನಾಣ್ಯ ಹೇಗೆ ಬೀಳಬೇಕೆಂಬುದು ಇಬ್ಬರ ಕೈಯಲ್ಲೂ ಇಲ್ಲ, ಇಬ್ಬರ ಪಾಲೂ ಸರಿಸಮ. ಆದರೂ ಎರಡನೆಯವನೇ ಕೆಡಿಸಿದ ಎಂದು ಮನಸ್ಸು ತೀರ್ಪು ಕೊಡುತ್ತದೆ.

ಕಾರಣ ಇಷ್ಟು: ಆದದ್ದು ಹಾಗಾಗದಿದ್ದರೆ ಎಂದು ಊಹಿಸುವಾಗ ನಾವು ಸರಪಳಿಯ ಮೊದಲ ಕೊಂಡಿಗಳನ್ನು ಇದ್ದ ಹಾಗೇ ಬಿಟ್ಟು, ಕಡೆಯ ಕೊಂಡಿಯನ್ನಷ್ಟೇ ಬದಲಿಸುತ್ತೇವೆ. ಮೊದಲು ನಡೆದದ್ದು ಹಿನ್ನೆಲೆಯಾಗಿಬಿಡುತ್ತದೆ, ಕಡೆಗೆ ನಡೆದದ್ದು ಕಾರಣವಾಗುತ್ತದೆ. ಶಿರಾಲ್ಡಿ ಕೊಟ್ಟ ಮೂರು ಹಿಟ್‌ಗಳು ಜೋನ್ಸ್‌ನ ನಾಣ್ಯ, ಬಕ್ನರ್ ಬಿಟ್ಟ ಚೆಂಡು ಕೂಪರ್‌ನದು.

ಇದಕ್ಕೆ ಹಿನ್ನೋಟದ ಭ್ರಮೆಯೂ ಜೊತೆಯಾಗುತ್ತದೆ. ಮನೋವಿಜ್ಞಾನಿ ಬರೂಕ್ ಫಿಶ್‌ಹಾಫ್ 1975ರಲ್ಲಿ ವರದಿ ಮಾಡಿದ ಪ್ರಯೋಗಕ್ಕೆ ಆರಿಸಿಕೊಂಡ ವಸ್ತು ನಮ್ಮ ಉಪಖಂಡದ್ದೇ: 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧ. ಓದುಗರಿಗೆ ಯುದ್ಧದ ಹಿನ್ನೆಲೆಯನ್ನು ಕೊಟ್ಟು, ಒಂದು ಗುಂಪಿಗೆ ಬ್ರಿಟಿಷರು ಗೆದ್ದರು ಎಂದು, ಇನ್ನೊಂದಕ್ಕೆ ಗೂರ್ಖರು ಗೆದ್ದರು ಎಂದು, ಮತ್ತೆ ಕೆಲವಕ್ಕೆ ಯಾರೂ ಗೆಲ್ಲಲಿಲ್ಲ ಎಂದು ತಿಳಿಸಲಾಯಿತು. ತಮಗೆ ಯಾವ ಫಲಿತಾಂಶ ಹೇಳಲಾಗಿತ್ತೋ ಅದೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತು ಎಂಬ ಕಡೆಗೆ ಆಯಾ ಗುಂಪಿನವರು ವಾಲಿದರು. ಫಲಿತಾಂಶ ಗೊತ್ತಿಲ್ಲದವರಂತೆ ಉತ್ತರಿಸಿ ಎಂದರೂ ಅವರಿಂದ ಆಗಲಿಲ್ಲ. ಆ ಸರಣಿಗೆ ಮೊದಲು ಬಕ್ನರ್ ಟಿವಿ ಸಂದರ್ಶನವೊಂದರಲ್ಲಿ, ತನ್ನ ಕಾಲುಗಳ ನಡುವೆ ಚೆಂಡು ಹೋಗಿ ಎದುರಾಳಿಗೆ ಗೆಲುವಿನ ರನ್ ಸಿಗುವುದೇ ದುಃಸ್ವಪ್ನ ಎಂಬರ್ಥದ ಮಾತಾಡಿದ್ದರು. ಇಂದು ಅದನ್ನು ಕೇಳಿದವರಿಗೆ ಭವಿಷ್ಯವಾಣಿಯಂತೆ ಮೈ ಜುಮ್ಮೆನ್ನುತ್ತದೆ. ಚೆಂಡು ಕೈಗೆ ಸಿಕ್ಕಿದ್ದರೆ ಆ ಸಂದರ್ಶನವನ್ನು ಯಾರೂ ಹುಡುಕಿ ತೆಗೆಯುತ್ತಿರಲಿಲ್ಲ.

ಪುಸ್ತಕಕ್ಕೆ ಹತ್ತದ ತಪ್ಪುಗಳು

ದೂಷಣೆ ಹುಟ್ಟುವುದು ಮನಸ್ಸಿನಲ್ಲಿ ಮಾತ್ರವಲ್ಲ, ಸ್ಕೋರು ಪುಸ್ತಕವೂ ಅದಕ್ಕೆ ನೀರೆರೆಯುತ್ತದೆ. ಬೇಸ್‌ಬಾಲಿನಲ್ಲಿ ‘ಎರರ್’ ಎಂಬ ಪ್ರತ್ಯೇಕ ಕಾಲಮ್ಮೇ ಇದೆ. ಸಾಧಾರಣ ಪ್ರಯತ್ನದಿಂದ ಆಗಬೇಕಿದ್ದ ಕೆಲಸವನ್ನು ಫೀಲ್ಡರ್ ಕೆಡಿಸಿದ ಎಂದು ಅಧಿಕೃತ ಸ್ಕೋರರ್‌ಗೆ ಅನಿಸಿದರೆ ಅವನ ಹೆಸರಿಗೆ ಒಂದು ಎರರ್ ಬೀಳುತ್ತದೆ. ಯೋಚನೆಯಲ್ಲಿ ಎಡವಿದ್ದನ್ನು ಸಾಮಾನ್ಯವಾಗಿ ಎರರ್ ಎಂದು ಬರೆಯಬಾರದೆಂದು ನಿಯಮವೇ ಹೇಳುತ್ತದೆ. ಪಿಚರ್‌ನ ಕೈತಪ್ಪಿದ ಚೆಂಡು ‘ವೈಲ್ಡ್ ಪಿಚ್’ ಎಂಬ ಬೇರೆ ಖಾತೆಗೆ ಹೋಗುತ್ತದೆ. ಹಾಗಾಗಿ ಸ್ಕೋರನ್ನು ಸಮಗೊಳಿಸಿದ ಆ ಏಳನೇ ಚೆಂಡು ಎರರ್ ಅಲ್ಲ, ಬಕ್ನರ್ ಬಿಟ್ಟದ್ದು ಎರರ್.

2024ರ ವಿಶ್ವ ಸರಣಿಯ ಐದನೇ ಪಂದ್ಯ ಈ ಪಕ್ಷಪಾತವನ್ನು ಸ್ಪಷ್ಟವಾಗಿ ತೋರಿಸಿತು. ನ್ಯೂಯಾರ್ಕ್ ಯಾಂಕೀಸ್ 5–0 ಮುಂದಿದ್ದಾಗ ಆರನ್ ಜಡ್ಜ್ ಸುಲಭದ ಕ್ಯಾಚ್ ಬಿಟ್ಟರು, ಆಂಥನಿ ವೋಲ್ಪೆ ತಪ್ಪಾಗಿ ಎಸೆದರು. ಎರಡೂ ಎರರ್. ಅದೇ ಇನಿಂಗ್ಸಿನಲ್ಲಿ ನೆಲದ ಮೇಲೆ ಬಂದ ಚೆಂಡಿಗೆ ಪಿಚರ್ ಗೆರಿಟ್ ಕೋಲ್ ಮೊದಲ ಬೇಸಿಗೆ ಓಡಲೇ ಇಲ್ಲ. ಓಡಿದ್ದರೆ ಒಂದೂ ರನ್ ಬಿಟ್ಟುಕೊಡದೆ ಇನಿಂಗ್ಸ್ ಮುಗಿಯುತ್ತಿತ್ತು. ಅದು ಎರರ್ ಎಂದು ದಾಖಲಾಗಲಿಲ್ಲ. ಲಾಸ್ ಏಂಜಲೀಸ್ ಡಾಜರ್ಸ್ ಐದು ರನ್ ಬಾಚಿ, ಕೊನೆಗೆ 7–6ರಿಂದ ಗೆದ್ದು ಸರಣಿಯನ್ನೇ ಗೆದ್ದಿತು.

1986ರ ಪಂದ್ಯದಲ್ಲೂ ಇಂಥದ್ದೊಂದು ಇದೆ. ಎಂಟನೇ ಇನಿಂಗ್ಸಿನಲ್ಲಿ ಬಾಸ್ಟನ್ 3–2ರಿಂದ ಮುಂದಿದ್ದಾಗ, ಮೂರೂ ಬೇಸ್ ತುಂಬಿದ್ದಾಗ, ಬ್ಯಾಟ್ ಹಿಡಿದು ಬಂದವರು ಇದೇ ಬಕ್ನರ್. ಚೆಂಡನ್ನು ಎತ್ತಿ ಹೊಡೆದು ಕ್ಯಾಚಿತ್ತರು, ಅವಕಾಶ ಮುಗಿಯಿತು. ಅವರನ್ನು ಬೈಯಲೇಬೇಕೆಂದಿದ್ದರೆ ಇದಕ್ಕೂ ಬೈಯಬಹುದಿತ್ತು. ಆದರೆ ಬ್ಯಾಟರ್ ಹತ್ತರಲ್ಲಿ ಏಳು ಸಲ ಸೋಲುವುದು ಆಟದ ರೂಢಿ. ಫೀಲ್ಡರ್ ಸೋಲುವುದು ಅಪರೂಪ, ಅಪರೂಪವಾದದ್ದು ಕಣ್ಣಿಗೆ ಕುಕ್ಕುತ್ತದೆ.

ಕೈತಪ್ಪು ಬೇರೆ, ಲೆಕ್ಕತಪ್ಪು ಬೇರೆ

ಮಾನವ ದೋಷಗಳ ಅಧ್ಯಯನಕ್ಕೆ ಹೆಸರಾದ ಬ್ರಿಟನ್ನಿನ ಜೇಮ್ಸ್ ರೀಸನ್ ಅವುಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿದರು. ಉದ್ದೇಶ ಸರಿಯಿದ್ದು ಕೆಲಸ ಜಾರಿದರೆ ಅದು ಕೈತಪ್ಪು. ಉದ್ದೇಶವೇ ತಪ್ಪಾಗಿದ್ದರೆ ಲೆಕ್ಕತಪ್ಪು. ಗೊತ್ತಿದ್ದೂ ನಿಯಮ ಮುರಿದರೆ ಅದು ಉಲ್ಲಂಘನೆ. ನೈತಿಕ ದೂಷಣೆ ಹತ್ತಬೇಕಾದದ್ದು ಮುಖ್ಯವಾಗಿ ಮೂರನೆಯದಕ್ಕೆ, ಭಾಗಶಃ ಎರಡನೆಯದಕ್ಕೆ.

ಬಕ್ನರ್ ಅವರದು ಅಪ್ಪಟ ಕೈತಪ್ಪು. ನಿಂತ ಜಾಗ ಸರಿ, ಮಾಡಬೇಕೆಂದಿದ್ದ ಕೆಲಸ ಸರಿ. ಕೊನೆಯ ಪುಟಿತದ ನಂತರ ಕೈ ತಿದ್ದಿಕೊಳ್ಳಲು ಸೆಕೆಂಡಿನ ಸಣ್ಣ ಪಾಲು ಮಾತ್ರ ಇರುತ್ತದೆ. ಕಣ್ಣು ಕಂಡದ್ದು ಕೈಗೆ ತಲುಪಲು ಸೆಕೆಂಡಿನ ಹತ್ತನೇ ಒಂದರಿಂದ ಐದನೇ ಒಂದು ಭಾಗ ಹಿಡಿಯುತ್ತದೆ. ಹಾಗಾಗಿ ನುರಿತ ಫೀಲ್ಡರ್ ಚೆಂಡು ಎಲ್ಲಿರಬಹುದೆಂದು ಮೊದಲೇ ಅಂದಾಜಿಸಿ ಗ್ಲೌಸ್ ಒಡ್ಡುತ್ತಾನೆ. ಆ ಅಂದಾಜು ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿಯಿರುತ್ತದೆ. ಮೊದಲ ಬೇಸಿನವರಿಗೆ ಒಂದು ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ಸಲ ಚೆಂಡು ಬರುತ್ತದೆ, ಹತ್ತರ ಆಸುಪಾಸು ಎರರ್ ಆಗುವುದು ಸಾಮಾನ್ಯ. ಬಕ್ನರ್ ಕಳಪೆ ಫೀಲ್ಡರ್ ಏನಲ್ಲ. 1985ರಲ್ಲಿ 184 ಅಸಿಸ್ಟ್‌ಗಳೊಂದಿಗೆ (ಔಟ್ ಮಾಡಲು ಸಹ ಆಟಗಾರರಿಗೆ ಚೆಂಡು ಕೊಟ್ಟು ನೆರವಾದದ್ದು) ಮೊದಲ ಬೇಸಿನವರ ಪೈಕಿ ದಾಖಲೆ ಬರೆದವರು. ಆ ಹತ್ತು ಎರರ್‌ಗಳಲ್ಲಿ ಯಾವುದು ಯಾವ ದಿನ ಬರಬೇಕೆಂಬುದನ್ನು ಆರಿಸುವ ಸೌಲಭ್ಯ ಯಾರಿಗೂ ಇಲ್ಲ.

2025ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದ ಯುವ ಪಿಚರ್ ಓರಿಯನ್ ಕರ್ಕರಿಂಗ್ ಮಾಡಿದ್ದು ಸ್ವಲ್ಪ ಭಿನ್ನ. ಹನ್ನೊಂದನೇ ಇನಿಂಗ್ಸ್, 1–1, ಮೂರೂ ಬೇಸ್ ಭರ್ತಿ, ಇಬ್ಬರು ಔಟ್. ನೇರ ತನ್ನತ್ತ ಬಂದ ಚೆಂಡು ಮೊದಲು ಕೈಯಿಂದ ಜಾರಿತು. ಹೆಕ್ಕಿಕೊಂಡಾಗ ಮೊದಲ ಬೇಸಿಗೆ ಎಸೆಯಲು ಸಮಯವಿತ್ತು, ಕ್ಯಾಚರ್ ಅತ್ತಲೇ ಕೈ ತೋರಿಸುತ್ತಿದ್ದರು. ಆದರೆ ಕರ್ಕರಿಂಗ್ ಹೋಮ್ ಪ್ಲೇಟಿನತ್ತ ಎಸೆದರು, ಎಸೆತವೂ ಗುರಿ ತಪ್ಪಿತು. ಕೈತಪ್ಪಿನ ಬೆನ್ನಿಗೆ ಲೆಕ್ಕತಪ್ಪು. ಇಲ್ಲಿ ಟೀಕೆಗೆ ಹೆಚ್ಚು ಎಡೆಯಿದೆ ನಿಜ. ಆದರೂ ಗಾಬರಿಯಲ್ಲಿ ಗಮನ ಕಿರಿದಾಗಿ ಕಣ್ಣೆದುರಿನ ಅಪಾಯವೊಂದೇ ಕಾಣುವುದು ಮೆದುಳಿನ ಸಹಜ ವರ್ತನೆ. ಅದು ತರಬೇತಿಯಿಂದ ತಿದ್ದಬೇಕಾದ ಕೊರತೆ, ಬೈಗುಳಕ್ಕೆ ತಿದ್ದಿಕೊಳ್ಳುವಂಥದ್ದಲ್ಲ.

ಹಾಗಾದರೆ ತೀರ್ಪು?

ಎರರ್ ಬಕ್ನರ್ ಅವರದೇ. ಅದನ್ನು ಬೇರೆಯವರ ಮೇಲೆ ಹಾಕಲಾಗದು, ಅವರೂ ಹಾಕಲಿಲ್ಲ. ನಮ್ಮ ಲೆಕ್ಕದಲ್ಲಿ ನಷ್ಟದ ಐದನೇ ಒಂದು ಪಾಲು, ತುಂಬ ಕಠಿಣವಾಗಿ ನೋಡಿದರೆ ಕಾಲು ಪಾಲು ಅವರದು. ಅಷ್ಟಕ್ಕೆ ಕ್ರೀಡಾ ವಿಮರ್ಶಕರು ಟೀಕಿಸಿದ್ದರೆ ಅದು ನ್ಯಾಯ. ಅವರಿಗೆ ಸಿಕ್ಕಿದ್ದು ವರ್ಷಗಟ್ಟಲೆ ಅಪಹಾಸ್ಯ, ಕೊಲೆ ಬೆದರಿಕೆ. ಅದಕ್ಕೆ ಈ ಅಂಕಗಣಿತದಲ್ಲಿ ಎಲ್ಲೂ ಆಧಾರವಿಲ್ಲ.

ಹೊಣೆ ಹುಡುಕಲೇಬೇಕಿದ್ದರೆ, ಯೋಚಿಸಲು ಸಮಯವಿದ್ದವರು ಯಾರು ಎಂದು ಕೇಳುವುದು ಹೆಚ್ಚು ಫಲಕಾರಿ. ಬಕ್ನರ್ ಅವರ ಕಣಕಾಲು ವರ್ಷಗಳಿಂದ ಹದಗೆಟ್ಟಿತ್ತು, ಆಸರೆಗೆಂದು ಎತ್ತರದ ಶೂ ಹಾಕಿ ಆಡುತ್ತಿದ್ದರು. ಆ ಸರಣಿಯಲ್ಲಿ ಬಾಸ್ಟನ್ ಗೆಲ್ಲುವ ಹಂತಕ್ಕೆ ಬಂದಾಗ ಮ್ಯಾನೇಜರ್ ಜಾನ್ ಮ್ಯಾಕ್‌ನಮಾರ ಬಕ್ನರ್ ಅವರನ್ನು ಕೂರಿಸಿ ಡೇವ್ ಸ್ಟೇಪಲ್ಟನ್ ಅವರನ್ನು ಇಳಿಸುವುದಿತ್ತು. ಅಂದು ಇಳಿಸಲಿಲ್ಲ. ಗೆಲುವಿನ ಗಳಿಗೆಯಲ್ಲಿ ಬಕ್ನರ್ ಮೈದಾನದಲ್ಲಿರಲಿ ಎಂಬ ಅಕ್ಕರೆಯೇ ಕಾರಣ ಎಂಬ ಮಾತು ಹಬ್ಬಿತು. ಮ್ಯಾಕ್‌ನಮಾರ ಅದನ್ನು ಅಲ್ಲಗಳೆದು, ತಂಡದ ಅತ್ಯುತ್ತಮ ಮೊದಲ ಬೇಸ್ ಆಟಗಾರ ಬಕ್ನರ್ ಆಗಿದ್ದರೆಂದು ವಾದಿಸಿದರು. ಆದರೆ ಇಲ್ಲೂ ಎಚ್ಚರ ಬೇಕು. ಸಂಶೋಧಕರಾದ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಶಿ 1988ರಲ್ಲಿ ತೋರಿಸಿದಂತೆ, ಒಂದೇ ಶಸ್ತ್ರಚಿಕಿತ್ಸೆ, ಒಂದೇ ಅಪಾಯ, ಒಂದೇ ನಿರ್ಧಾರವಿದ್ದರೂ ರೋಗಿ ಬದುಕಿದರೆ ವೈದ್ಯರ ನಿರ್ಧಾರ ಜನರಿಗೆ ಒಳ್ಳೆಯದೆನಿಸುತ್ತದೆ, ಸತ್ತರೆ ಕೆಟ್ಟದೆನಿಸುತ್ತದೆ. ಮ್ಯಾಕ್‌ನಮಾರರನ್ನೂ ಫಲಿತಾಂಶದಿಂದ ಅಳೆಯುವಂತಿಲ್ಲ. ಅಳೆಯಬೇಕಾದದ್ದು ಆಗ ಅವರಿಗೆ ತಿಳಿದಿದ್ದ ಸಂಗತಿಗಳಿಂದ: ಕಣಕಾಲಿನ ನೋವು, ಮುನ್ನಡೆ, ಬೆಂಚಿನಲ್ಲಿ ಕೂತಿದ್ದ ಬದಲಿ ಆಟಗಾರ, ತಾವೇ ಹಾಕಿಕೊಂಡಿದ್ದ ರೂಢಿ. ಆ ಅಳತೆಯಲ್ಲೂ ಅವರ ನಿರ್ಧಾರಕ್ಕೆ ಗಟ್ಟಿ ಸಮರ್ಥನೆ ಸಿಗುವುದು ಕಷ್ಟ. ಚೆಂಡು ಬಕ್ನರ್ ಅವರ ಕೈಗೇ ಸಿಕ್ಕಿ ಬಾಸ್ಟನ್ ಗೆದ್ದಿದ್ದರೂ ಈ ಮಾತು ಇಷ್ಟೇ ನಿಜವಾಗಿರುತ್ತಿತ್ತು.