ಕೈಯಲ್ಲಿ ರಾಡ್ ಹಿಡಿದರೆ ಹೃದಯದ ಕಾಂತಕ್ಷೇತ್ರ ಗೊತ್ತಾಗುತ್ತದೆಯೇ?

‘ರಕ್ತ ಬೇಡ, ಸೂಜಿ ಬೇಡ. ಒಂದು ನಿಮಿಷ ರಾಡ್ ಹಿಡಿದರೆ ಸಾಕು, ದೇಹದ ಕಾಂತೀಯ ತರಂಗ ಅಳೆದು ಹೃದಯ, ಲಿವರ್, ಕಿಡ್ನಿ ಎಲ್ಲದರ ರಿಪೋರ್ಟ್!’ ‘ಕ್ವಾಂಟಮ್ ಅನಲೈಸರ್’ ಶಿಬಿರದ ಇಂಥ ಫಾರ್ವರ್ಡ್ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿರುವ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತು ನಿಜ. ಅದಕ್ಕೇ ನಂಬುವುದು ಸುಲಭ.

ಹೃದಯ, ಮಿದುಳಿನ ಜೀವಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುದಾವೇಶದ ಕಣಗಳು ಒಳಹೊರಗೆ ಹರಿಯುತ್ತವೆ. ವಿದ್ಯುತ್ ಹರಿದಲ್ಲೆಲ್ಲ ಸುತ್ತ ಕಾಂತಕ್ಷೇತ್ರವೂ ಹುಟ್ಟುತ್ತದೆ. ಹೀಗಾಗಿ ಒಂದೇ ಎದೆಬಡಿತಕ್ಕೆ ಎರಡು ಸಂಕೇತ.

ಆದರೆ ಎರಡನ್ನೂ ಹಿಡಿಯುವ ಕಷ್ಟ ಒಂದೇ ಅಲ್ಲ. ಹೃದಯದ ವಿದ್ಯುತ್ ಚರ್ಮದ ಮೇಲೆ ಸುಮಾರು 1 ಮಿಲಿವೋಲ್ಟ್ ಇರುತ್ತದೆ. ಎದೆಗೆ, ಕೈಕಾಲಿಗೆ ವೈರು ಹಾಕಿ ಇಸಿಜಿ ತೆಗೆಯುವುದು ಇದನ್ನೇ. ಹಾಲೆಂಡಿನ ಐಂತೋವೆನ್ ಇದಕ್ಕಾಗಿ 1924ರಲ್ಲೇ ನೊಬೆಲ್ ಪಡೆದರು. ಹೃದಯದ ಕಾಂತಕ್ಷೇತ್ರ ಅಳೆಯಲು 1963ರವರೆಗೆ ಕಾಯಬೇಕಾಯಿತು. ಭೂಮಿಯ ಕಾಂತಕ್ಷೇತ್ರದ ಮುಂದೆ ಅದು ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಮಿದುಳಿನದು ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಕ್ಷೀಣ. ರಸ್ತೆಯಲ್ಲಿ ಹಾದುಹೋಗುವ ಬಸ್ಸಿನ ಕಬ್ಬಿಣದ ಗದ್ದಲವೇ ಇದಕ್ಕಿಂತ ದೊಡ್ಡದು!

ಹಾಗಾದರೆ ಅಳೆಯುವುದೇ ಇಲ್ಲವೇ? ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಕಾಂತಕ್ಷೇತ್ರ ಅಳೆಯುವ ‘ಎಂಇಜಿ’ ಯಂತ್ರವಿದೆ. ಇಂಥ ಯಂತ್ರಕ್ಕೆ ಹೊರಗಿನ ಕಾಂತಕ್ಷೇತ್ರ ತಡೆಯುವ ವಿಶೇಷ ಲೋಹದ ಕೋಣೆ ಬೇಕು. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣಿಸಿದ ಸೆನ್ಸರ್‌ಗಳು ಬೇಕು. ಇಷ್ಟೆಲ್ಲ ಯಾಕೆಂದರೆ, ತಲೆಬುರುಡೆ ದಾಟುವಾಗ ವಿದ್ಯುತ್ ಸಂಕೇತ ಕಲಸಿಹೋಗುತ್ತದೆ, ಕಾಂತೀಯ ಸಂಕೇತ ಅಷ್ಟು ಕೆಡುವುದಿಲ್ಲ. ಮೂರ್ಛೆರೋಗದ ಆಪರೇಷನ್‌ಗೆ ಮುನ್ನ, ಫಿಟ್ಸ್ ಮಿದುಳಿನ ಯಾವ ಜಾಗದಿಂದ ಶುರುವಾಗುತ್ತದೆ ಎಂದು ಹುಡುಕಲು ಇದು ನೆರವಾಗುತ್ತದೆ.

ಈಗ ಶಿಬಿರದ ಮೇಜು ನೋಡಿ: ಲ್ಯಾಪ್‌ಟಾಪ್, ಪಕ್ಕದಲ್ಲಿ ಮೊಬೈಲ್, ತಲೆಮೇಲೆ ಫ್ಯಾನ್. ಇಲ್ಲಿ ಹೃದಯದ ಕಾಂತಕ್ಷೇತ್ರ ಸಿಗುವ ಮಾತೇ ಇಲ್ಲ. ಲೋಹದ ರಾಡ್ ಹೆಚ್ಚೆಂದರೆ ಅಂಗೈ ಚರ್ಮದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದೀತು; ಕೈ ಬೆವರಿದ್ದರೆ ಒಂದು ಅಂಕಿ, ಒಣಗಿದ್ದರೆ ಇನ್ನೊಂದು. ಲಿವರ್ ಸುದ್ದಿ ಅದಕ್ಕೆಲ್ಲಿ ಗೊತ್ತು? ಅಂದಹಾಗೆ, ವಯಸ್ಸು, ಎತ್ತರ, ತೂಕವನ್ನು ಮೊದಲೇ ಕೇಳಿ ಟೈಪ್ ಮಾಡಿಕೊಳ್ಳುವುದನ್ನೂ ಗಮನಿಸಿ.

ತಪ್ಪು ಕಾಯಿಲೆ ತೋರಿಸಿ ಪುಡಿ, ಮಾತ್ರೆ ಮಾರಿದರೆ ದುಡ್ಡು ಹೋಗುತ್ತದೆ. ‘ಎಲ್ಲಾ ನಾರ್ಮಲ್’ ಎಂಬ ರಿಪೋರ್ಟ್ ಅದಕ್ಕಿಂತ ಅಪಾಯ. ಎದೆ ಹಿಂಡಿದಂತಾಗಿ, ನೋವು ಕೈಗೆ, ದವಡೆಗೆ ಹರಡಿ ಬೆವರು ಬಂದರೆ ‘ಮೊನ್ನೆ ಹಾರ್ಟ್ ಚೆನ್ನಾಗಿದೆ ಅಂದಿದ್ರಲ್ಲ, ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಯಲ್ಲಿ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ವೈದ್ಯರು ಇನ್ನೊಮ್ಮೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೋಪೋನಿನ್ ನೋಡುತ್ತಾರೆ. ಅದಕ್ಕೆ ಸೂಜಿ ಬೇಕೇ ಬೇಕು.