ಒಂಬತ್ತರ ಸುಳಿವು

ಸಂಘದ ಲೆಕ್ಕ ಬರೆಯುವವರಿಗೂ ಮನೆಯ ಖರ್ಚು ಬರೆದಿಡುವವರಿಗೂ ಉಪಯೋಗಕ್ಕೆ ಬರುವ ಒಂದು ಮಾತುಂಟು. ಮೊತ್ತ ತಾಳೆಯಾಗದೆ 27 ರೂಪಾಯಿ ಹೆಚ್ಚು ಬಂದಿತೆನ್ನಿ. ಪುಟಗಳನ್ನೆಲ್ಲ ಮತ್ತೆ ಕೂಡುವ ಮೊದಲು ಆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ, ಎಲ್ಲಿಯೋ ಎರಡು ಅಂಕೆಗಳು ಹಿಂದುಮುಂದಾಗಿರುವ ಸಂಭವವುಂಟು. 58 ಎಂದಿರಬೇಕಾದಲ್ಲಿ 85 ಎಂದು ಬಿದ್ದಿರಬಹುದು.

ಕಾರಣ ಸರಳವಾದುದು. ಹತ್ತರ ಸ್ಥಾನದ 5 ಬಿಡಿಸ್ಥಾನಕ್ಕೆ ಇಳಿದರೆ 50 ಇದ್ದದ್ದು 5 ಆಗುತ್ತದೆ. ನಷ್ಟ, ಒಂಬತ್ತೈದಲ 45. ಬಿಡಿಸ್ಥಾನದ 8 ಮೇಲೇರಿ 80 ಆದರೆ ಲಾಭ, ಒಂಬತ್ತೆಂಟಲ 72. ಲಾಭದಲ್ಲಿ ನಷ್ಟ ಕಳೆದರೆ ಉಳಿಯುವುದು ಒಂಬತ್ತು ಮೂರಲ 27. ಯಾವ ಅಂಕೆ ಕದಲಿದರೂ ಒಂಬತ್ತರ ಲೆಕ್ಕದಲ್ಲೇ ಕದಲುತ್ತದೆ.

ಭಾಗಲಬ್ಧವೂ ವ್ಯರ್ಥವಾಗದು. ಇಲ್ಲಿ ಬಂದ 3, ಅದಲುಬದಲಾದ ಎರಡು ಅಂಕೆಗಳ ಅಂತರ. ಆದುದರಿಂದ 30, 41, 52, 63, 74, 85, 96 ಎಂದು ಮುಗಿಯುವ ಬಾಬುಗಳನ್ನು ಮೊದಲು ಪರೀಕ್ಷಿಸಿ. ವ್ಯತ್ಯಾಸ 270 ಆಗಿದ್ದರೆ ನೂರು ಮತ್ತು ಹತ್ತರ ಸ್ಥಾನಗಳನ್ನು ನೋಡಿ.

ಆದರೂ ಇದು ಬರಿಯ ಸುಳಿವು. 27 ರೂಪಾಯಿಯ ಬಾಬೊಂದು ಎರಡು ಸಲ ಸೇರಿಹೋಗಿದ್ದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಮೂಲ ರಸೀತಿಯೊಡನೆ ಹೋಲಿಸಿದ ಮೇಲೆಯೇ ಲೆಕ್ಕವನ್ನು ತಿದ್ದಿರಿ.